ಕರುಗಳ ಮಿದುಳಿನ ಹುಟ್ಟುದೋಷ

ವೇರೂಳಿನ ದಾರಿಯಲ್ಲಿರುವ ದೌಲತಾಬಾದ್, ಕನ್ನಡದಲ್ಲಿಯೂ ಶಾಸನಗಳನ್ನು ಬರೆಸಿದ ಸೇವುಣರ ದೇವಗಿರಿ. ಪ್ರವಾಸ ಹೋದವರು ಕೋಟೆಯನ್ನು ಕಂಡು ಮರಳುತ್ತಾರೆ. ಕೋಟೆಯ ಸುತ್ತಲಿನ ಒಕ್ಕಲಿಗನ ಚಿಂತೆಯಾದರೋ ಬಿಜಾಪುರ, ಬೀದರಗಳಲ್ಲಿರುವ ನಮ್ಮ ಬಂಧುಗಳ ಚಿಂತೆಯೇ: ಮಳೆ, ಮೇವು, ದನ.

ಸಾಲ ಮಾಡಿ ತಂದ ಹಸು ಈದಾಗ ಕರು ಕುರುಡಾಗಿದ್ದರೆ, ಇಲ್ಲವೆ ಕಾಲು ಸೆಟೆದು ಏಳಲಾರದಿದ್ದರೆ ಗ್ರಹಣವನ್ನೋ ಕೆಟ್ಟ ದೃಷ್ಟಿಯನ್ನೋ ದೂರುವುದುಂಟು. ಕರು ಹೋದರೂ ಸಾಲದ ಕಂತು ನಿಲ್ಲದು. ಆದುದರಿಂದ ನಿಜವಾದ ಕಾರಣವನ್ನು ಅರಿಯುವುದು ಲೇಸು.

ಮೊದಲನೆಯದು ಮೇವು. 1972ರಂತಹ ಬರಗಾಲದಲ್ಲಿ ಮರಾಠವಾಡದ ದನಗಳಿಗೆ ಹಸಿರು ಮೇವು ದುರ್ಲಭ. ತಿಂಗಳುಗಟ್ಟಲೆ ಒಣ ಮೇವನ್ನೇ ತಿಂದ ಗಬ್ಬದ ಹಸುವಿನಲ್ಲಿ 'ಎ' ಜೀವಸತ್ವವು ತೀರುತ್ತದೆ. ಆಗ ಗರ್ಭದಲ್ಲಿರುವ ಕರುವಿನ ಕಣ್ಣಿನ ನರವು ಹಾಯುವ ಎಲುಬಿನ ರಂಧ್ರವು ಕಿರಿದಾಗಿ ನರವು ಅದುಮಲ್ಪಡುತ್ತದೆ. ಕರು ಕುರುಡಾಗಿ ಹುಟ್ಟುತ್ತದೆ.

ಎರಡನೆಯದು ವಿಷಾಣು. 1959ರಲ್ಲಿ ಜಪಾನಿನ ಅಕಬಾನೆ ಎಂಬ ಹಳ್ಳಿಯ ಸೊಳ್ಳೆಗಳಲ್ಲಿ ಒಂದು ವಿಷಾಣು ದೊರೆಯಿತು. ಮುಖ್ಯವಾಗಿ ಅದನ್ನು ಹರಡುವುದು ನೊರಜು. 1972ರಿಂದ 1975ರ ಅವಧಿಯಲ್ಲಿ ಆ ದೇಶದಲ್ಲಿ 40,000ಕ್ಕೂ ಮಿಕ್ಕಿ ಗರ್ಭಗಳು ಕೆಟ್ಟವು. ಸೋಂಕು ಗಬ್ಬದ ಮೂರನೆಯ ತಿಂಗಳಿನ ಸುಮಾರಿಗೆ ತಗಲಿದರೆ ಮಿದುಳಿನ ಸ್ಥಳದಲ್ಲಿ ನೀರು ತುಂಬಿಕೊಳ್ಳುತ್ತದೆ. ನಾಲ್ಕರಿಂದ ಆರನೆಯ ತಿಂಗಳಿನಲ್ಲಾದರೆ ಕೀಲುಗಳು ಬಿಗಿಯುತ್ತವೆ. ತಾಯಿಯಲ್ಲಿ ಮಾತ್ರ ಯಾವ ಲಕ್ಷಣವೂ ಕಾಣದು. ಪೋಳಾ ಹಬ್ಬದ ಹೊತ್ತಿಗೆ ನೊರಜು ಕಚ್ಚಿದ್ದರೆ ಕರು ಹುಟ್ಟುವುದು ಮಾಘ ಫಾಲ್ಗುಣಗಳಲ್ಲಿ. ಅಷ್ಟರಲ್ಲಿ ನೊರಜನ್ನು ನೆನೆಯುವವರಾರು! ಈ ವಿಷಾಣುವು ಮನುಷ್ಯರಿಗೆ ರೋಗ ತಂದ ನಿದರ್ಶನವಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಪತ್ತೆಯಾದ ಶ್ಮಾಲೆನ್‌ಬರ್ಗ್ ವಿಷಾಣು ಇದರದೇ ದಾಯಾದಿ.

ಮೂರನೆಯದು ವಂಶ. ಹೋಲ್‌ಸ್ಟೀನ್ ತಳಿಯಲ್ಲಿ ಸಿಟ್ರುಲಿನೀಮಿಯ ಎಂಬ ದೋಷವುಂಟು. ಹುಟ್ಟುವಾಗ ಚೆನ್ನಾಗಿಯೇ ಇರುವ ಕರು ಕೆಲವೇ ದಿನಗಳಲ್ಲಿ ಮೊಲೆ ಬಿಟ್ಟು, ಗೋಡೆಗೆ ತಲೆಯೊತ್ತಿ ಸಾಯುತ್ತದೆ; ರಕ್ತದಲ್ಲಿ ಸೇರಿದ ಅಮೋನಿಯವು ಮಿದುಳನ್ನು ಕೆಡಿಸುತ್ತದೆ. ತಂದೆ ತಾಯಿಗಳೆರಡೂ ದೋಷವಾಹಕವಾಗಿದ್ದರೆ ಮಾತ್ರ ಇದು ಕಾಣಿಸೀತು. ಆದುದರಿಂದಲೇ ಪರೀಕ್ಷಿತ ಹೋರಿಯ ವೀರ್ಯವನ್ನೇ ಕೇಳಿ ಪಡೆಯಬೇಕು.

ಕಾಲು ಸೆಟೆದ ಕರುವನ್ನು ಹಗ್ಗ ಕಟ್ಟಿ ಎಳೆಯುವುದು ತಾಯಿಯ ಪ್ರಾಣಕ್ಕೇ ಅಪಾಯ, ಪಶುವೈದ್ಯರನ್ನು ಕರೆಯಬೇಕು. ಕರು ಗಿಣ್ಣು ಕುಡಿಯುವ ಮೊದಲೇ ಅದರ ರಕ್ತವನ್ನು ತೆಗೆಸಬೇಕು. ಹಸುವಿನ ರೋಗನಿರೋಧಕ ವಸ್ತುಗಳು ಗರ್ಭದೊಳಗಿನ ಕರುವಿಗೆ ದಾಟುವುದಿಲ್ಲ. ಗಿಣ್ಣಿನ ಮೂಲಕವೇ ಬರುತ್ತವೆ. ಗಿಣ್ಣು ಕುಡಿಯದ ಕರುವಿನ ರಕ್ತದಲ್ಲಿ ಅವು ಕಂಡರೆ, ಸೋಂಕು ಗರ್ಭದಲ್ಲಿಯೇ ತಗಲಿತ್ತೆಂಬುದು ಖಚಿತ.