ಚೋಕ್ ತೆಗೆದರೆ ನಿಲ್ಲುವ ಮಷೀನು: ಬ್ರಷ್ ಕಟರ್ ಕಾರ್ಬೊರೇಟರಿಗೆ ಎಂಟು ಸೂತ್ರಗಳು

ಮಲೆನಾಡಿನಲ್ಲಿ ಮಳೆ ಹಿಡಿದು ತೋಟದ ಹುಲ್ಲು ಮೊಣಕಾಲು ಮುಟ್ಟಿದಾಗ ಬ್ರಷ್ ಕಟರ್ ಹೊರಬರುತ್ತದೆ. ಹಗ್ಗ ಎಳೆದೆಳೆದು ಭುಜ ಸೋತರೂ ಎಂಜಿನ್ ಮಾತಾಡುವುದಿಲ್ಲ. ಬಹಳ ಸಲ ಕಾರಣ ಒಂದೇ: ಹೋದ ಹಂಗಾಮಿನಲ್ಲಿ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಆರಿ ಕಾರ್ಬೊರೇಟರಿನೊಳಗೆ ಅಂಟುಗಟ್ಟಿದೆ. ತಾಳ್ಮೆಯಿದ್ದರೆ ಇದನ್ನು ಮನೆಯ ಅಂಗಳದಲ್ಲೇ ಸರಿಮಾಡಬಹುದು.

1. ಹಳೆ ಪೆಟ್ರೋಲನ್ನು ನಂಬಬೇಡಿ. ಹುಳಿ ವಾಸನೆ ಬಂದರೆ, ಬಣ್ಣ ಕಪ್ಪಿಟ್ಟಿದ್ದರೆ ಪೂರ್ತಿ ತೆಗೆಯಿರಿ. ಬಾವಿ, ಹಳ್ಳದ ಹತ್ತಿರ ಮಾತ್ರ ಚೆಲ್ಲಬೇಡಿ. ಹೊಸ ಮಿಶ್ರಣದ ಅಳತೆ ಮಷೀನಿನ ಪುಸ್ತಕದಲ್ಲಿದೆ: 50:1 ಎಂದಿದ್ದರೆ ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್, 25:1 ಎಂದಿದ್ದರೆ 40 ಮಿಲಿ.

2. ಸ್ಪ್ಯಾನರ್ ಹಿಡಿಯುವ ಮೊದಲು ಅಗ್ಗದ ಅನುಮಾನಗಳನ್ನು ತೀರಿಸಿಕೊಳ್ಳಿ. ಪ್ಲಗ್, ಏರ್ ಫಿಲ್ಟರ್, ಟ್ಯಾಂಕಿನ ತಳದಲ್ಲಿರುವ ಪೆಟ್ರೋಲ್ ಫಿಲ್ಟರ್ ನೋಡಿ. ಮುಚ್ಚಳ ಸಡಿಲಿಸಿದರೆ ಎಂಜಿನ್ ಸರಾಗ ಓಡುತ್ತದೆಯೇ? ಹಾಗಾದರೆ ಟ್ಯಾಂಕಿಗೆ ಗಾಳಿ ಹೋಗುವ ರಂಧ್ರ ಕಟ್ಟಿದೆ, ಕಾರ್ಬೊರೇಟರ್ ನಿರಪರಾಧಿ. ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಅದಕ್ಕೆ ದೊಡ್ಡ ಖರ್ಚಿಲ್ಲ.

3. ಲಕ್ಷಣ ಓದಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದೇ. ಚೋಕ್ ಹಾಕಿದಾಗ ಮಾತ್ರ ಓಡಿ ತೆಗೆದ ಕೂಡಲೇ ನಿಂತರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಸ್ಲೋದಲ್ಲಿ ಚೆನ್ನಾಗಿದ್ದು ರೇಸ್ ಕೊಟ್ಟರೆ ಸಾಯುತ್ತಿದ್ದರೆ ಮೇನ್ ಜೆಟ್ ಕಡೆಯ ದಾರಿ ಕಟ್ಟಿದೆ. ರೇಸಿನಲ್ಲಿ ಓಡಿ ಸ್ಲೋದಲ್ಲಿ ನಿಲ್ಲುತ್ತಿದ್ದರೆ ಸಣ್ಣ ಜೆಟ್‌ನ ದಾರಿ ಹುಡುಕಿ. ಪೆಟ್ರೋಲ್ ಹೊರಗೆ ಸೋರುತ್ತಿದ್ದರೆ ನೀಡಲ್ ಸರಿಯಾಗಿ ಕೂರುತ್ತಿಲ್ಲ.

4. ಬಿಚ್ಚುವಾಗ ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಯಲಿನಲ್ಲಿ ಕೂತು, ಪ್ಲಗ್ ಕ್ಯಾಪ್ ಕಿತ್ತಿಟ್ಟು, ಒಲೆ ಮತ್ತು ಬೀಡಿಯಿಂದ ದೂರವಿದ್ದು ಕೆಲಸ ಮಾಡಿ. ಬ್ರಷ್ ಕಟರಿನಲ್ಲಿ ಸಾಮಾನ್ಯವಾಗಿ ಇರುವುದು ಡಯಾಫ್ರಾಮ್ ಕಾರ್ಬೊರೇಟರ್. ಆದ್ದರಿಂದಲೇ ಮಷೀನನ್ನು ಓರೆ ಹಿಡಿದರೂ ಎಂಜಿನ್ ನಿಲ್ಲದು. ಗ್ಯಾಸ್ಕೆಟ್ ಮೇಲೋ ಡಯಾಫ್ರಾಮ್ ಮೇಲೋ ಎಂಬ ಕ್ರಮ ತಪ್ಪಿದರೆ ಇಡೀ ಶ್ರಮ ವ್ಯರ್ಥ. ಪೆಟ್ರೋಲ್ ಪಂಪ್‌ಸೆಟ್‌ನಂಥ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಕೆಳಗೊಂದು ಬಟ್ಟಲು, ಅದರೊಳಗೆ ಫ್ಲೋಟ್ ಇರುತ್ತದೆ. ಅಲ್ಲಿ ಬಟ್ಟಲಿನ ಕೆಸರು ತೆಗೆದು ಜೆಟ್ ಶುಚಿಮಾಡಿದರೆ ಹೆಚ್ಚಿನ ಕೆಲಸ ಮುಗಿಯಿತು.

5. ಜೆಟ್‌ಗೆ ಸೂಜಿ, ಉಕ್ಕಿನ ತಂತಿ ತೂರಿಸಬೇಡಿ. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ನೆನೆಯಲು ಬಿಡಿ, ಮತ್ತೆ ಹೊಡೆಯಿರಿ. ಪ್ರತಿ ರಂಧ್ರದಿಂದಲೂ ಸ್ಪ್ರೇ ಆಚೆ ಬರಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಡಯಾಫ್ರಾಮ್ ತೆಗೆಯದೆ ಸ್ಪ್ರೇ ಆಗಲಿ, ಕಂಪ್ರೆಸರ್ ಗಾಳಿಯಾಗಲಿ ಹೊಡೆಯಬೇಡಿ.

6. ಡಯಾಫ್ರಾಮ್ ಮೆತ್ತಗಿರಬೇಕು. ಬೆರಳಿಗೆ ಗಟ್ಟಿಯಾಗಿ, ಸುಕ್ಕಾಗಿ ಸಿಕ್ಕರೆ ಎಷ್ಟು ತೊಳೆದರೂ ಫಲವಿಲ್ಲ. ನಿಮ್ಮ ಮಾಡೆಲ್‌ನ ರಿಪೇರಿ ಕಿಟ್ ತಂದು ಹಾಕಿ.

7. ಎಲ್, ಎಚ್ ಎಂದು ಗುರುತಿರುವ ಸ್ಕ್ರೂಗಳನ್ನು ಬಿಚ್ಚುವ ಮೊದಲು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಸುತ್ತು ಎಣಿಸಿ ಬರೆದಿಡಿ, ಕೊನೆಗೆ ಅಷ್ಟೇ ಸುತ್ತು ಹಿಂದಕ್ಕೆ ತನ್ನಿ. ಬಿಗಿ ಮಾಡಿದರೆ ಸೂಜಿಮೊನೆ ಹಾಳು. ವೇಗದ ಆಸೆಗೆ ಎಚ್ ಸ್ಕ್ರೂ ಮುಚ್ಚುತ್ತ ಹೋಗಬೇಡಿ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

8. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ನೀರು, ಎಥೆನಾಲ್ ಸೇರಿ ಬೇರೆ ಪದರವಾಗಿ ತಳಕ್ಕಿಳಿಯುತ್ತವೆ. ಫಿಲ್ಟರ್ ಮಲಗಿರುವುದೂ ತಳದಲ್ಲೇ, ಎಂಜಿನ್ ಮೊದಲು ಹೀರುವುದು ಅದನ್ನೇ. ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ. ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಕೊಡಿ, ಸಂಜೆ ಮಷೀನು ಒಳಗಿಡುವವರು ಅವರೇ.