ಹಿಂಗಾರಿಯ ಕಾಲದಲ್ಲಿ ಬರುವ ಹಕ್ಕಿಗಳು



ಉತ್ತರಿ ಮಳೆ ಮುಗಿದು ಹಸ್ತ ಮಳೆ ಹುಟ್ಟುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಒಕ್ಕಲಿಗರು ಎರೆಹೊಲದಲ್ಲಿ ಬಿಳಿಜೋಳ ಬಿತ್ತುವದಕ್ಕೆ ಕೂರಿಗೆ ಹೂಡುತ್ತಾರೆ. ಅದೇ ದಿನಗಳಲ್ಲಿ ದೂರದೇಶದ ಹಕ್ಕಿಗಳು ಆಕಾಶಮಾರ್ಗವಾಗಿ ನಮ್ಮ ಹೊಲಗಳಿಗೂ ಕೆರೆಗಳಿಗೂ ಬಂದಿಳಿಯುತ್ತವೆ. ಅವು ಎಲ್ಲಿಂದ ಬರುತ್ತವೆ, ಅವುಗಳಿಂದ ನಮಗೆ ಲಾಭವೋ ನಷ್ಟವೋ, ಅವುಗಳ ವಿಷಯದಲ್ಲಿ ನಾವು ನಡೆಯತಕ್ಕ ರೀತಿ ಯಾವದು ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

ಈ ವಿಚಾರಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಸಿಂದಗಿಯ ಕಡೆಯ ಒಂದು ಹಳ್ಳಿಗೆ ಹೋಗಿದ್ದಾಗ ಒಬ್ಬ ಹುಡುಗನು ಕವಣೆಯಿಂದ ಹೊಡೆದ ಗಿಡುಗವೊಂದನ್ನು ಕಾಲು ಹಿಡಿದು ತಂದು, “ಅಯ್ಯನವರ, ಕೋಳಿಮರಿ ಕದಿಯೂ ಕಳ್ಳನ್ನ ಹೊಡದೀನಿ ನೋಡ್ರಿ” ಎಂದನು. ನಾವೂ ಅವನನ್ನು ಹೊಗಳಿದೆವು. ಆದರೆ ಅವನ ಅಜ್ಜನು ಏನೂ ಮಾತಾಡದೆ ಅದರ ಗಂಟಲ ಚೀಲವನ್ನು ಕೊಯ್ದು ತೋರಿಸಿದನು. ಅದರಲ್ಲಿ ಮಿಡತೆಗಳ ಕಾಲುಗಳೂ ರೆಕ್ಕೆಗಳೂ ಇದ್ದವೇ ಹೊರತು ಕೋಳಿಮರಿಯ ಒಂದು ಪುಕ್ಕವೂ ಇರಲಿಲ್ಲ. “ಇದು ನಮ್ಮ ಹೊಲದಾಗ ಕೂಲಿ ಇಲ್ದ ದುಡೀತಿತ್ತು” ಎಂದು ಮುದುಕನು ಹೇಳಲಾಗಿ ನಾವು ಬಹಳವಾಗಿ ನಾಚಿಕೊಂಡೆವು. ಯಾಕಂದರೆ ವಿಚಾರಿಸದೆ ತೀರ್ಪುಮಾಡಿದವರಲ್ಲಿ ಬುದ್ಧಿ ಹೇಳಬೇಕಾದ ನಾವೇ ಮೊದಲಿಗರಾಗಿದ್ದೆವು.

1. ಅವು ಯಾಕೆ ಬರುತ್ತವೆ?

ಕಜಾಕಸ್ತಾನ, ಮಂಗೋಲಿಯ, ಸೈಬೀರಿಯ ಮುಂತಾದ ಉತ್ತರದ ದೇಶಗಳಲ್ಲಿ ಚಳಿಗಾಲವು ಬಹು ಕಠಿಣವಾದದ್ದು. ನೀರು ಹೆಪ್ಪುಗಟ್ಟುತ್ತದೆ, ನೆಲವು ಹಿಮದಿಂದ ಮುಚ್ಚಿಹೋಗುತ್ತದೆ, ಹುಳವಾಗಲಿ ಕಾಳಾಗಲಿ ಸಿಕ್ಕುವದಿಲ್ಲ. ಹಗಲು ಕಿರಿದಾಗುತ್ತಾ ಬರುವದೇ ಹಕ್ಕಿಗಳಿಗೆ ಹೊರಡುವದಕ್ಕೆ ಸೂಚನೆ. ಆಗ ಅವು ಹೆಚ್ಚಾಗಿ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ; ಅದೇ ಅವುಗಳ ದಾರಿಯ ಬುತ್ತಿ. ಸೂರ್ಯನಿಂದಲೂ ನಕ್ಷತ್ರಗಳಿಂದಲೂ ಭೂಮಿಯ ಅಯಸ್ಕಾಂತ ಶಕ್ತಿಯಿಂದಲೂ ಅವು ದಿಕ್ಕನ್ನು ತಿಳುಕೊಳ್ಳುತ್ತವೆ. ಹಕ್ಕಿಗಳು ತಮ್ಮ ಬರುವ ಕಾಲವನ್ನು ಅರಿತಿರುವ ಸಂಗತಿ ಯೆರೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿಯೂ ಬಂದಿರುವದನ್ನು ವಾಚಕರು ಬಲ್ಲರು.

ಈ ದಾರಿಗಳನ್ನು ಪರೀಕ್ಷಿಸುವದಕ್ಕಾಗಿ, 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಮೇಲ್ವಿಚಾರಣೆಯಲ್ಲಿ 1959ರಿಂದ ಹಕ್ಕಿಗಳ ಕಾಲಿಗೆ ಅಂಕೆಯುಳ್ಳ ಚಿಕ್ಕ ಉಂಗುರಗಳನ್ನು ತೊಡಿಸಿ ಬಿಡುತ್ತಾ ಬಂದರು. ಈಗ ಕೆಲವು ಹಕ್ಕಿಗಳ ಬೆನ್ನಿಗೆ ಸಣ್ಣ ಯಂತ್ರವನ್ನು ಕಟ್ಟಿ ಉಪಗ್ರಹದ ಮೂಲಕವೂ ಅವುಗಳ ಪ್ರಯಾಣವನ್ನು ತಿಳಿಯುತ್ತಾರೆ.

2. ನಮ್ಮ ಸೀಮೆಯಲ್ಲಿ ನೋಡತಕ್ಕ ಹಕ್ಕಿಗಳು

(ಅ) ಸಿಪಿಲೆ. ಗುಬ್ಬಿಗಿಂತ ಸ್ವಲ್ಪ ಉದ್ದವಾಗಿದ್ದು, ನಡೆಯುವಾಗೆಲ್ಲಾ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಹಕ್ಕಿ. ಸೆಪ್ಟೆಂಬರ ತಿಂಗಳಲ್ಲಿ ಹಳ್ಳದ ದಂಡೆಯಲ್ಲಿ ಇದು ಕಾಣಿಸಿಕೊಂಡರೆ ಅತಿಥಿಗಳು ಬರತೊಡಗಿದವೆಂದು ತಿಳಿಯಬಹುದು. ಹುಳಗಳೇ ಇದರ ಆಹಾರ.

(ಆ) ಸೆಳೆವ. ಹುಡುಗನು ಹೊಡೆದದ್ದು ಈ ಜಾತಿಯ ಗಿಡುಗವೇ. ಉದ್ದವಾದ ರೆಕ್ಕೆಬಾಲಗಳುಳ್ಳದ್ದಾಗಿ, ಪೈರಿನ ಮೇಲೆ ಆಳೆತ್ತರದಲ್ಲಿ ತೇಲುತ್ತಾ ಬೇಟೆಯಾಡುತ್ತದೆ. ಇವುಗಳಲ್ಲಿ ಕೆಲವು ಉತ್ತರ ಕಜಾಕಸ್ತಾನದಿಂದ 3,000 ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ಬರುತ್ತವೆ. ರಾತ್ರಿಯಲ್ಲಿ ಮರದ ಮೇಲೆ ಕೂಡ್ರದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಗುಜರಾತದ ವೇಳಾವದರ ಎಂಬ ಹುಲ್ಲುಗಾವಲಿನಲ್ಲಿ ಇವು ಮಲಗಿದ ಸ್ಥಳದಲ್ಲಿ ಉಗುಳಿದ ಉಂಡೆಗಳನ್ನು ಬಲ್ಲವರು ಬಿಡಿಸಿ ನೋಡಿದಾಗ ಹೆಚ್ಚಾಗಿ ಮಿಡತೆಗಳ ಅವಶೇಷಗಳೇ ದೊರೆತವು. ಮುದುಕನ ಚೂರಿಯು ತೋರಿಸಿದ್ದೂ ಇದನ್ನೇ ಅಲ್ಲವೋ?

(ಇ) ಗುಲಾಬಿ ಕಬ್ಬಕ್ಕಿ. ತಲೆ, ರೆಕ್ಕೆ, ಬಾಲಗಳು ಕಪ್ಪು. ಬೆನ್ನು ಹೊಟ್ಟೆಗಳು ನಸುಗೆಂಪು. ಇವು ಮೋಡದಂತೆ ಗುಂಪುಗೂಡಿ ಬಂದು ಹಾಲುಗಾಳಿನ ತೆನೆಗಳ ಮೇಲೆ ಬೀಳುತ್ತವೆ. ಇವುಗಳಿಂದ ನಷ್ಟವುಂಟೆಂಬದು ಸತ್ಯ. ಸೀತನಿಯ ಕಾಲದಲ್ಲಿ ಮಂಚಿಕೆ ಹತ್ತಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಒಕ್ಕಲಿಗನಿಗೆ ನಾವು ಬೇರೆ ಹೇಳಲಾರೆವು. ಆದರೆ ಇವೇ ಹಕ್ಕಿಗಳು ಮಿಡತೆಗಳನ್ನೂ ತಿನ್ನುತ್ತವೆ. ಚೀನದೇಶದ ಸಿಂಜಿಯಾಂಗ ಪ್ರಾಂತದಲ್ಲಿ ಮಿಡತೆಗಳ ಹಾವಳಿಯನ್ನು ತಗ್ಗಿಸುವದಕ್ಕಾಗಿ ಇವುಗಳಿಗೆ ಗೂಡಿನ ಸ್ಥಳಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಒಂದೇ ಹಕ್ಕಿಯು ಒಂದು ಸೀಮೆಯಲ್ಲಿ ಕಳ್ಳನೂ ಇನ್ನೊಂದರಲ್ಲಿ ಕಾವಲುಗಾರನೂ ಆಗಿರುವದು ಹೀಗೆ.

(ಈ) ನೀರಿನ ಹಕ್ಕಿಗಳು. ಇವುಗಳನ್ನು ನೋಡುವದಕ್ಕೆ ಕೃಷ್ಣೆಯ ಕಡೆಗೆ ಹೋಗಬೇಕು. ಮೊದಲು ಬಾಗೇವಾಡಿ ತಾಲೂಕಿಗೆ ಸೇರಿದ್ದು ಈಗ ನಿಡಗುಂದಿ ತಾಲೂಕಿನಲ್ಲಿರುವ ಆಲಮಟ್ಟಿಯಲ್ಲಿ 1964ರಲ್ಲಿ ಅಸ್ತಿವಾರ ಹಾಕಿದ ಅಣೆಕಟ್ಟು 2005ರಲ್ಲಿ ಮುಗಿಯಿತು. ಅದರ ಹಿನ್ನೀರು ಕೊಲ್ಹಾರದ ಆಚೆಗೂ ಹಬ್ಬಿದೆ. ಚಳಿಗಾಲದಲ್ಲಿ ನೀರು ಇಳಿಯುತ್ತಾ ಬರಲು ಕೆಸರಿನ ದಂಡೆಗಳು ಬಯಲಾಗಿ ಹಕ್ಕಿಗಳಿಗೆ ಆಹಾರ ದೊರೆಯುತ್ತದೆ. ಅಲ್ಲಿ ಉದ್ದಕಾಲಿನ ರಾಜಹಂಸಗಳನ್ನೂ, ಹಿಮಾಲಯದ ಮೇಲೆಯೇ ಹಾರಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನೂ, ಕ್ರೌಂಚಗಳನ್ನೂ ನೋಡಬಹುದು. ಈ ಕ್ರೌಂಚಗಳು ಬೂದುಬಣ್ಣದವು; ಕತ್ತು ಕಪ್ಪು, ಕಣ್ಣ ಹಿಂದೆ ಬಿಳಿಯ ಪುಕ್ಕದ ಕುಚ್ಚು. ರಾಜಸ್ಥಾನದ ಖೀಚನ ಎಂಬ ಹಳ್ಳಿಯವರು ಇದೇ ಜಾತಿಯ ಹಕ್ಕಿಗಳಿಗೆ ಪ್ರತಿ ಚಳಿಗಾಲದಲ್ಲಿಯೂ ಕಾಳು ಹಾಕುತ್ತಾರೆ. ಸಾವಿರಾರು ಕ್ರೌಂಚಗಳು ಆ ಹಳ್ಳಿಯನ್ನು ನಂಬಿ ಬರುತ್ತವೆ.

3. ನೋಡತಕ್ಕ ಕ್ರಮ

ಇದಕ್ಕೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು. ಬೆಳಗಾದ ಕೂಡಲೆ ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು ಅಲುಗಾಡದೆ ನಿಲ್ಲತಕ್ಕದ್ದು. ಹಕ್ಕಿಯು ಗುಬ್ಬಿಯಷ್ಟೋ, ಮೈನೆಯಷ್ಟೋ, ಕಾಗೆಯಷ್ಟೋ ಎಂದು ಅಳೆದು, ಬಣ್ಣವನ್ನೂ ನಡಿಗೆಯನ್ನೂ ತಿನ್ನುವದನ್ನೂ ಗುರುತಿಸತಕ್ಕದ್ದು. ಊರು, ತಾರೀಖು, ಸಂಖ್ಯೆ ಇವುಗಳನ್ನು ಒಂದು ವಹಿಯಲ್ಲಿ ಬರೆಯಿರಿ. ಐದು ವರ್ಷ ಬರೆದವನಿಗೆ ಯಾವ ಹಕ್ಕಿ ಯಾವ ಮಳೆಗೆ ಬರುವದೆಂದು ತಿಳಿಯುವದಲ್ಲದೆ, ಯಾವದು ಕಡಿಮೆಯಾಗುತ್ತಾ ಇದೆ ಎಂಬದೂ ತಿಳಿಯುವದು.

4. ಮಾಡತಕ್ಕದ್ದು, ಮಾಡಬಾರದ್ದು

ಮೊದಲನೆಯದಾಗಿ, ವಿಷ ಬೆರಸಿದ ಕಾಳನ್ನು ಹೊಲದಲ್ಲಾಗಲಿ ನೀರಿನ ದಂಡೆಯಲ್ಲಾಗಲಿ ಚೆಲ್ಲಬಾರದು. ವಿಷಕ್ಕೆ ಕಳ್ಳನೂ ಕಾವಲುಗಾರನೂ ಒಂದೇ. ನಿಮ್ಮ ಕೋಳಿಯೂ ಅದರಿಂದ ಸಾಯುವದು. ಬೆಳೆಯನ್ನು ಕಾಯುವದಕ್ಕೆ ಬೆಳಿಗ್ಗೆಯೂ ಸಾಯಂಕಾಲವೂ ಮಂಚಿಕೆಯಿಂದ ಡಬ್ಬಿ ಬಡಿಯುವದು ಲೇಸು. ಎರಡನೆಯದಾಗಿ, ಬಲೆ ಉರುಲುಗಳನ್ನು ಒಡ್ಡಬಾರದು; 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಇದು ಅಪರಾಧವೂ ಆಗಿದೆ. ಮೂರನೆಯದಾಗಿ, ಕಾಲಿನಲ್ಲಿ ಉಂಗುರವುಳ್ಳ ಹಕ್ಕಿ ಕಂಡರೆ ಅಂಕೆಯನ್ನು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ನಾಲ್ಕನೆಯದಾಗಿ, ಹಲವು ಹಕ್ಕಿಗಳು ಒಟ್ಟಿಗೆ ಸತ್ತುಬಿದ್ದರೆ ಮುಟ್ಟದೆ, ತಿನ್ನದೆ, ಪಶುವೈದ್ಯರಿಗೆ ಹೇಳತಕ್ಕದ್ದು.

ಆ ಹುಡುಗನು ಈಗ ದೊಡ್ಡವನಾಗಿ ತಾನೇ ಹೊಲ ಮಾಡುತ್ತಾನೆ. ಕವಣೆಯನ್ನು ಅವನು ಬಿಟ್ಟಿಲ್ಲ. ಕಬ್ಬಕ್ಕಿಗಳನ್ನು ಎಬ್ಬಿಸುವದಕ್ಕೆ ಅದು ಬೇಕು. ಆದರೆ ಕಳೆದ ಹಿಂಗಾರಿಯಲ್ಲಿ ಅವನ ಜೋಳದ ಮೇಲೆ ಸೆಳೆವವೊಂದು ತೇಲಿ ಬರಲಾಗಿ ಅವನು ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿದನು. ಅದು ಹೊಲದ ಆಚೆಯ ಬದುವನ್ನು ದಾಟುವ ವರೆಗೆ ನಾವಿಬ್ಬರೂ ನಿಂತು ನೋಡಿದೆವು.

ಮನೆಯವರೊಂದಿಗೆ ವಿಚಾರಿಸತಕ್ಕ ಪ್ರಶ್ನೆಗಳು

1. ಈ ವರ್ಷ ನಿಮ್ಮ ಊರಿಗೆ ಸಿಪಿಲೆಯು ಯಾವ ಮಳೆಗೆ ಬಂತು?
2. ಸೆಳೆವವು ಏನು ತಿನ್ನುವದೆಂಬದು ಹೇಗೆ ತಿಳಿದುಬಂತು?
3. ಗುಲಾಬಿ ಕಬ್ಬಕ್ಕಿಯಿಂದ ಆಗುವ ನಷ್ಟವೇನು, ಲಾಭವೇನು?
4. ನೀವು ಕಳ್ಳನೆಂದು ಎಣಿಸಿರುವ ಯಾವ ಹಕ್ಕಿಯನ್ನು ಇನ್ನೂ ಚೆನ್ನಾಗಿ ನೋಡಿಲ್ಲ?