ಬಾಡಿಗೆದಾರ ನಾಪತ್ತೆಯಾದಾಗ

ದೌಲತಾಬಾದ್ ಕೋಟೆಯ ಬುಡದಲ್ಲಿರುವ ನಮ್ಮ ಎರಡು ಕೋಣೆಯ ಮನೆಯನ್ನು ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದವರೊಬ್ಬರಿಗೆ ಕೊಟ್ಟಿದ್ದೆ. ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಹೊರಟುಹೋದರು. ಅಡುಗೆಕಟ್ಟೆಯ ಗ್ರಾನೈಟ್ ಎರಡು ಹೋಳಾಗಿತ್ತು. ಬಚ್ಚಲಿನ ನಲ್ಲಿಗಳಿರಲಿಲ್ಲ. ಗೋಡೆಯೊಳಗಿನ ವೈರನ್ನೂ ಎಳೆದುಕೊಂಡಿದ್ದರು. ಕೀಲಿಯನ್ನು ಮಾತ್ರ ಪಕ್ಕದ ಕಿರಾಣಿ ಅಂಗಡಿಯಲ್ಲಿ ಕೊಟ್ಟುಹೋಗಿದ್ದರು.

ಆ ಕೀಲಿ ನನಗೆ ದೊಡ್ಡ ಆಸರೆಯಾಯಿತು. ಸಾಮಾನು ಖಾಲಿ ಮಾಡಿ ಕೀಲಿ ಬಿಟ್ಟುಹೋಗಿದ್ದರೆ ಅವರಾಗಿಯೇ ಮನೆ ಬಿಟ್ಟುಕೊಟ್ಟರು ಎಂದು ವಾದಿಸಬಹುದು. ಬಾಗಿಲಿಗೆ ಅವರದೇ ಬೀಗ, ಒಳಗೆ ಅವರ ಸಾಮಾನು ಇದ್ದರೆ ಮಾತೇ ಬೇರೆ. ಬಾಡಿಗೆ ಎಷ್ಟೇ ಬಾಕಿಯಿರಲಿ, ಮನೆ ಅವರ ಸ್ವಾಧೀನದಲ್ಲೇ ಇದೆ ಎಂದು ಕೋರ್ಟು ನೋಡಬಹುದು. ಬೀಗ ಒಡೆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ಅವರೇ ದಾವೆ ಹೂಡಬಹುದು. ಒಳಗೆ ಚಿನ್ನವಿತ್ತು ಎಂದುಬಿಟ್ಟರಂತೂ ಠಾಣೆ ಮೆಟ್ಟಿಲು ಹತ್ತುವವರು ನಾವು. ಬೀಗಕ್ಕೆ ಕೈ ಹಾಕುವ ಮೊದಲು ವಕೀಲರನ್ನು ಕಾಣಿ.

ನೆರೆಯವರಿಬ್ಬರನ್ನು ನಿಲ್ಲಿಸಿಕೊಂಡು ಒಂದೊಂದು ಕೋಣೆಯ ವಿಡಿಯೊ ಮಾಡಿದೆ, ಹಾನಿಯ ಪಟ್ಟಿ ಬರೆದು ಅವರ ಸಹಿ ಹಾಕಿಸಿದೆ. ಎಲೆಕ್ಟ್ರಿಷಿಯನ್‌ನಿಂದ ಖರ್ಚಿನ ಅಂದಾಜನ್ನು ಬರಹದಲ್ಲೇ ತೆಗೆದುಕೊಂಡೆ. ರಿಪೇರಿ ಆಮೇಲಿನ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ. ಮಾಸಿದ ಬಣ್ಣಕ್ಕೆ ದುಡ್ಡು ಕೇಳಲಾಗದು, ಕೇಳಲೂಬಾರದು. ಡಿಪಾಸಿಟ್‌ನಲ್ಲಿ ಯಾವುದಕ್ಕೆ ಎಷ್ಟು ಹಿಡಿದೆ ಎಂಬ ಲೆಕ್ಕವನ್ನು ನೋಟಿಸ್‌ನಲ್ಲೇ ಬರೆದು ಕರಾರಿನಲ್ಲಿದ್ದ ಊರಿನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಇಟ್ಟಿದ್ದೇನೆ. ಅದೂ ಸಾಕ್ಷಿಯೇ.

ಇಂಥದ್ದಕ್ಕೆ ಠಾಣೆಗೆ ಹೋದರೆ ‘ಇದು ಸಿವಿಲ್ ವ್ಯವಹಾರ’ ಎಂಬ ಮಾತು ಬರುವುದುಂಟು. ಗ್ರಾನೈಟ್ ಒಡೆದದ್ದರ ಮಟ್ಟಿಗೆ ಒಪ್ಪಬಹುದು. ನಲ್ಲಿ, ವೈರು ಕಿತ್ತು ಒಯ್ದದ್ದು ಹಾಗಲ್ಲ. ಅದಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಬಾಕಿ ಬಾಡಿಗೆಗೂ ಕರಾರು ಮುರಿದ ನಷ್ಟಕ್ಕೂ ದಾವೆ ಹೂಡಲು ಮೂರು ವರ್ಷ ಅವಕಾಶವಿದೆ. ಆಸಾಮಿ ಸಿಗದಿದ್ದರೆ ಕೋರ್ಟಿನ ಅನುಮತಿ ಪಡೆದು ಪತ್ರಿಕೆಯಲ್ಲಿ ಸಮನ್ಸ್ ಪ್ರಕಟಿಸಬಹುದು, ಏಕಪಕ್ಷೀಯ ಡಿಕ್ರಿಯೂ ಸಿಗಬಹುದು. ವಸೂಲಿಗೆ ಮಾತ್ರ ಅವರ ಸಂಬಳವೋ ಆಸ್ತಿಯೋ ಎಲ್ಲಿದೆಯೆಂದು ಗೊತ್ತಿರಬೇಕು. ನನಗೆ ಗೊತ್ತಿಲ್ಲ, ಹಾಗಾಗಿ ಸದ್ಯಕ್ಕೆ ದಾವೆ ಹೂಡಿಲ್ಲ. ಕಾಗದಗಳೆಲ್ಲ ಒಂದೇ ಫೈಲಿನಲ್ಲಿವೆ, ಮೂರು ವರ್ಷ ಮುಗಿಯುವ ತಾರೀಖನ್ನು ಅದರ ಮೇಲೆಯೇ ಬರೆದಿದ್ದೇನೆ.